ಒಬ್ಬರೇ ಟ್ಯಾಕ್ಸಿ ಹತ್ತುವ ಮುನ್ನ...

ಬೆಳಗಿನ ಜಾವ ನಾಲ್ಕೂವರೆ ಗಂಟೆ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ. ಒಂದು ಕೈಯಲ್ಲಿ ಬಾಣಂತನದ ಸಾಮಾನು ತುಂಬಿದ ದೊಡ್ಡ ಬ್ಯಾಗು, ಇನ್ನೊಂದರಲ್ಲಿ ಹಳೇ ಪಂಚೆ, ಸೀರೆಗಳ ಗಂಟು, ಕಂಕುಳಲ್ಲಿ ಪರ್ಸು, ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡ ಮೊಬೈಲು. ಕನ್ನಡಕ ಯಾವ ಚೀಲದಲ್ಲಿತ್ತೋ ದೇವರೇ ಬಲ್ಲ. ಇದು ಎರಡು ವರ್ಷದ ಹಿಂದಿನ ನನ್ನ ಅವತಾರ.

ಮಗಳಿಗೆ ಎರಡನೇ ಹೆರಿಗೆ. ದಿನ ಇನ್ನೂ ಒಂದು ವಾರ ಇದೆ ಎಂದು ನಾನು ತಿಪಟೂರಿನಲ್ಲಿ ನಿಶ್ಚಿಂತೆಯಾಗಿ ಮೆಂತ್ಯದ ಹಿಟ್ಟು ಬೀಸಿಸಿಕೊಂಡು ಕೂತಿದ್ದೆ. ರಾತ್ರಿ ಹನ್ನೊಂದಕ್ಕೆ ಅಳಿಯಂದಿರ ಫೋನು: "ಅತ್ತೆ, ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದೀವಿ." ನಮ್ಮೆಜಮಾನರಿಗೆ ಮಂಡಿ ನೋವು, ರಾತ್ರಿ ಬಸ್ಸು ಆಗದು. ಸಿಕ್ಕ ಬಸ್ಸು ಹತ್ತಿ ಒಬ್ಬಳೇ ಹೊರಟೆ. ಆಸ್ಪತ್ರೆ ಬಿಟ್ಟು ಬರುವ ಹಾಗಿಲ್ಲವೆಂದು ಅಳಿಯಂದಿರು ತಮ್ಮ ಮೊಬೈಲಿನಿಂದಲೇ ನನಗೊಂದು ಟ್ಯಾಕ್ಸಿ ಬುಕ್ ಮಾಡಿ, ಗಾಡಿ ನಂಬರನ್ನು ವಾಟ್ಸಾಪಿಗೆ ಕಳಿಸಿದರು. ನಾನು ಅದನ್ನು ನೋಡಲಿಲ್ಲ. ನಿಲ್ದಾಣದ ಹೊರಗೆ ನಿಂತು ಫೋನಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಕೂಗಿದೆ: "ಹ್ಞಾಂ, ವಿಜಯನಗರದ ಆಸ್ಪತ್ರೆ ತಾನೇ? ಗಾಡಿ ಎಲ್ಲಿ ನಿಂತಿರತ್ತೆ?"

ಫೋನ್ ಇಟ್ಟು ಅರ್ಧ ನಿಮಿಷ ಆಗಿರಲಿಲ್ಲ. "ಅಮ್ಮಾ, ವಿಜಯನಗರ ಆಸ್ಪತ್ರೆ ಅಲ್ವಾ? ಬನ್ನಿ ಬನ್ನಿ, ನಿಮಗೇ ಕಾಯ್ತಾ ಇದೀನಿ" ಎಂದು ಒಬ್ಬಾತ ಬಂದು, ಕೈಯಲ್ಲಿದ್ದ ಬ್ಯಾಗು ಇಸಿದುಕೊಂಡು ಡಿಕ್ಕಿಗೆ ಹಾಕಿಯೇಬಿಟ್ಟ. ಎಷ್ಟು ಒಳ್ಳೆಯ ಹುಡುಗ ಅಂದುಕೊಂಡು ಹತ್ತಿ ಕೂತೆ. ಗಾಡಿ ಹೊರಟ ಮೇಲೆ ಫೋನು ಬಂತು. "ಅಮ್ಮಾ, ಟ್ಯಾಕ್ಸಿ ಡ್ರೈವರ್ ಮಾತಾಡ್ತಿರೋದು. ನಾನು ಬಂದು ಐದು ನಿಮಿಷ ಆಯ್ತು, ಎಲ್ಲಿದೀರಾ?"

ಎದೆ ಧಸಕ್ ಎಂದಿತು. ಹಾಗಾದರೆ ಈ ಗಾಡಿ ಯಾರದು?

ಈಗ ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಆ ಕ್ಷಣದಲ್ಲಿ "ನಿಲ್ಲಿಸಪ್ಪಾ" ಎನ್ನಲು ನನಗೆ ಬಾಯಿ ಬರಲಿಲ್ಲ. ಭಯಕ್ಕಿಂತ ಹೆಚ್ಚಾಗಿ ದಾಕ್ಷಿಣ್ಯ! ಪಾಪ, ಬ್ಯಾಗು ಎತ್ತಿಟ್ಟಿದ್ದಾನೆ, ಅಮ್ಮಾ ಅಂದಿದ್ದಾನೆ, ನಿಲ್ಲಿಸು ಅಂದರೆ ಏನಂದುಕೊಳ್ಳುತ್ತಾನೋ ಎಂದು ಮೂರು ನಾಲ್ಕು ನಿಮಿಷ ಸುಮ್ಮನೆ ಕೂತಿದ್ದೆ. ಅಷ್ಟರಲ್ಲಿ ಅಳಿಯಂದಿರ ಫೋನು. "ಅತ್ತೆ, ಕೂತಿರೋ ಗಾಡಿ ನಂಬರ್ ಹೇಳಿ." ಗೊತ್ತಿದ್ದರಲ್ಲವೇ ಹೇಳುವುದು? "ಜೋರಾಗಿ ಹೇಳಿ ಅತ್ತೆ, ಗಾಡಿ ನಿಲ್ಲಿಸು ಅಂತ. ನನಗೆ ಕೇಳಿಸಬೇಕು" ಎಂದರು. ಹೇಳಿದೆ. ಮಾಗಡಿ ರಸ್ತೆಯಲ್ಲಿ ಒಂದು ಹಾಲಿನ ಬೂತಿನ ಮುಂದೆ ನಿಲ್ಲಿಸಿದ. ಆರುನೂರು ರೂಪಾಯಿ ಕೊಡುವವರೆಗೂ ಡಿಕ್ಕಿ ತೆಗೆಯಲಿಲ್ಲ. ಕೊಟ್ಟು ಇಳಿದೆ. ಹಾಲಿನ ಬೂತಿನವರು ಕ್ರೇಟು ಬೋರಲು ಹಾಕಿ ಕೂರಿಸಿ ನೀರು ಕೊಟ್ಟರು. ನಿಜವಾದ ಟ್ಯಾಕ್ಸಿ ಅಲ್ಲಿಗೇ ಬಂತು. ಏಳೂ ಹತ್ತಕ್ಕೆ ಮೊಮ್ಮಗಳು ಹುಟ್ಟಿದಳು.

ಏನೂ ಆಗಲಿಲ್ಲ, ಹೋದದ್ದು ಆರುನೂರು ರೂಪಾಯಿ ಅಷ್ಟೇ. ಆದರೂ ಬಾಣಂತನ ಮುಗಿಸಿ ಊರಿಗೆ ಬಂದು ಒಂದು ತಿಂಗಳು ನಮ್ಮೆಜಮಾನರ ಮುಂದೆ ಬಾಯಿ ಬಿಡಲಿಲ್ಲ. ಆಮೇಲೆ ಓರಗಿತ್ತಿಗೆ ಹೇಳಿದೆ, ಆಕೆ "ಅಯ್ಯೋ, ನನಗೂ ಹೀಗೇ ಆಗಿತ್ತು" ಅಂದಳು. ಮಹಿಳಾ ಮಂಡಳಿಯಲ್ಲಿ ಹೇಳಿದೆ, ಅಲ್ಲೂ ಇಬ್ಬರು ಅದೇ ಮಾತು ಅಂದರು. ಎಲ್ಲರೂ ಮನಸ್ಸಿನಲ್ಲೇ ಇಟ್ಟುಕೊಂಡು ಕೂತಿದ್ದೇವಲ್ಲ ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಬಸ್ಸು ಇಳಿದ ಮೇಲಿನ ನಾಲ್ಕು ಮೈಲಿ

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮಂಥವರ ಓಡಾಟ ಎಷ್ಟು ಹೆಚ್ಚಿದೆ ನೋಡಿ. ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಮಗಳ ಮನೆ, ತವರು, ಆಸ್ಪತ್ರೆ, ದೇವಸ್ಥಾನ ಎಂದು ಜೊತೆಗೆ ಯಾರಾದರೂ ಬರಲಿ ಎಂದು ಕಾಯದೆ ಹೊರಡುತ್ತೇವೆ. ಬಸ್ಸಿನಲ್ಲಿ ಐವತ್ತು ಜನ ಇರುತ್ತಾರೆ, ಕಂಡಕ್ಟರ್ ಇರುತ್ತಾರೆ. ಕಷ್ಟ ಇರುವುದು ಇಳಿದ ಮೇಲೆ. ಆ ಕೊನೆಯ ನಾಲ್ಕು ಮೈಲಿಗೆ ಗುರುತಿಲ್ಲದವನ ಗಾಡಿಯಲ್ಲಿ ಒಬ್ಬರೇ ಕೂರಬೇಕು.

ನಮ್ಮೂರಿನ ಆಟೋದವನು ಯಾರ ಮಗ, ಯಾವ ಬೀದಿ, ಯಾರ ಮನೆ ಅಳಿಯ ಎಂದು ನಮಗೆ ಗೊತ್ತು. ಅವನಿಗೂ ಗೊತ್ತು, ನಮಗೆ ಗೊತ್ತಿದೆ ಎಂದು! ಆ ಗುರುತೇ ಅಲ್ಲಿ ಕಾವಲು. ಊಬರ್ ಇರಲಿ, ಓಲಾ ಇರಲಿ, ನಮ್ಮ ಯಾತ್ರಿ ಇರಲಿ, ಮೊಬೈಲಿನಲ್ಲಿ ಕರೆಸುವ ಗಾಡಿಗಳಲ್ಲಿ ಆ ಗುರುತಿನ ಜಾಗದಲ್ಲಿ ಒಂದು ದಾಖಲೆ ಇರುತ್ತದೆ. ಚಾಲಕನ ಹೆಸರು, ಫೋಟೋ, ಗಾಡಿಯ ನಂಬರು, ಯಾವ ದಾರಿಯಲ್ಲಿ ಹೋಯಿತು, ಎಷ್ಟು ಹೊತ್ತಿಗೆ ಮುಟ್ಟಿತು, ಎಲ್ಲವೂ ಬರೆದಿಟ್ಟ ಹಾಗೆ ಉಳಿಯುತ್ತದೆ. ಆದ್ದರಿಂದ ನಾವು ಕಾಯ್ದುಕೊಳ್ಳಬೇಕಾದದ್ದು ಆ ದಾಖಲೆಯ ಎಳೆ ಎಲ್ಲೂ ಕಡಿಯದಂತೆ. ನಾನು ಬೇರೆ ಗಾಡಿ ಹತ್ತಿದಾಗ ಆದದ್ದೇ ಅದು. ದಾಖಲೆಯಲ್ಲಿ ಇದ್ದದ್ದು ಒಂದು ಗಾಡಿ, ನಾನು ಕೂತದ್ದು ಇನ್ನೊಂದರಲ್ಲಿ.

ಹತ್ತುವ ಮುನ್ನ ಒಂದು ನಿಮಿಷ

ಮೊದಲು ಕನ್ನಡಕ ಹಾಕಿಕೊಳ್ಳಿ. ನಗಬೇಡಿ, ನಲವತ್ತು ದಾಟಿದವರಿಗೆ ಇದೇ ಮೊದಲನೇ ಮಾತು. ಗಾಡಿ ನಂಬರಿನ ಕೊನೆಯ ನಾಲ್ಕು ಅಂಕಿಯನ್ನು ಮೊಬೈಲಿನಲ್ಲಿ ನೋಡಿ, ಆಮೇಲೆ ಗಾಡಿಯ ಫಲಕದ ಮೇಲೆ ನೋಡಿ. ಕಾರಿನ ಬಣ್ಣ ನಂಬಿ ಪ್ರಯೋಜನವಿಲ್ಲ, ನಿಲ್ದಾಣದ ಮುಂದೆ ಹತ್ತರಲ್ಲಿ ಏಳು ಕಾರು ಬಿಳಿಯವೇ. ಬಾಡಿಗೆ ಗಾಡಿಯ ಫಲಕ ಹಳದಿ, ಅಕ್ಷರ ಕಪ್ಪು. ವಿದ್ಯುತ್ತಿನ ಬಾಡಿಗೆ ಗಾಡಿಯಾದರೆ ಹಸಿರು ಫಲಕದ ಮೇಲೆ ಹಳದಿ ಅಕ್ಷರ. ಬಿಳಿ ಫಲಕ ಮನೆಬಳಕೆಯ ಕಾರಿನದು. ಅಂಥ ಕಾರಿನವನು "ಬನ್ನಿ ಅಮ್ಮಾ" ಅಂದರೆ ಹೋಗಕೂಡದು.

ಎರಡನೆಯದು ಹೆಸರು. "ನೀವು ಇಂಥವರ ಬುಕಿಂಗ್ ತಾನೇ?" ಎಂದು ನಾವೇ ಹೇಳಿಕೊಟ್ಟರೆ ಯಾರು ಬೇಕಾದರೂ "ಹೌದು" ಎನ್ನುತ್ತಾರೆ. "ಯಾರ ಹೆಸರಿಗೆ ಬುಕ್ ಆಗಿದೆ ಹೇಳಪ್ಪಾ" ಎಂದು ಕೇಳಬೇಕು. ಹೆಸರು ಅವರ ಬಾಯಿಂದ ಬರಲಿ. ಮಕ್ಕಳು ದೂರದೂರಿನಿಂದ ಬುಕ್ ಮಾಡಿದ್ದರೆ ಯಾರ ಹೆಸರು ಹಾಕಿದ್ದಾರೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನು ಆ ನಾಲ್ಕು ಅಂಕಿಯ ಗುಟ್ಟಿನ ಸಂಖ್ಯೆ, ಓಟಿಪಿ. ನಮ್ಮ ಬೀಗಿತ್ತಿ ಒಮ್ಮೆ ಗಾಡಿಯಲ್ಲಿ ಕೂತು "ಓಟಿಪಿ ಯಾರಿಗೂ ಹೇಳಬಾರದು ಅಂತ ಬ್ಯಾಂಕಿನವರು ಹೇಳಿದಾರೆ, ನಾನು ಹೇಳಲ್ಲ" ಎಂದು ಹಟ ಹಿಡಿದು ಕೂತರಂತೆ! ಬ್ಯಾಂಕಿನದು ಬೇರೆ, ಇದು ಬೇರೆ. ಬ್ಯಾಂಕಿನದನ್ನು ಪ್ರಾಣ ಹೋದರೂ ಹೇಳಬೇಡಿ. ಟ್ಯಾಕ್ಸಿಯದನ್ನು ಹೇಳಲೇಬೇಕು, ಆದರೆ ನಂಬರು ಸರಿಯಾಗಿ ಕೂತು ಹೊರಡುವಾಗ ಮಾತ್ರ. "ಬರ್ತಾ ಇದೀನಿ, ಓಟಿಪಿ ಹೇಳಿಬಿಡಿ" ಎಂದು ಫೋನಿನಲ್ಲಿ ಕೇಳಿದರೆ ಬೇಡ. ಆ ಸಂಖ್ಯೆ ಒತ್ತಿದ ಕೂಡಲೇ ಪ್ರಯಾಣ ಶುರುವಾದ ಹಾಗೆ. ಗಾಡಿಯಲ್ಲಿ ನೀವು ಇಲ್ಲದಿದ್ದರೂ ಬಾಡಿಗೆ ಏರುತ್ತದೆ. ಈ ಸಂಖ್ಯೆಯಿಂದ ಇನ್ನೊಂದು ಉಪಕಾರವೂ ಉಂಟು. ನಾನು ಹತ್ತಿದವನು ಅದನ್ನು ಕೇಳಲೇ ಇಲ್ಲ. ಕೇಳಲಿಲ್ಲವಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಬ್ಯಾಗನ್ನು ಡಿಕ್ಕಿಗೆ ಹಾಕಲು ಕೊಡುವುದು ಇದೆಲ್ಲ ಆದ ಮೇಲೆ. ಸಾಮಾನು ಒಳಗೆ ಹೋಯಿತು ಅಂದರೆ ನಾವೂ ಅರ್ಧ ಒಳಗೆ ಹೋದ ಹಾಗೆಯೇ. ಪರ್ಸು, ಔಷಧಿ, ಮೊಬೈಲು ಮಡಿಲಲ್ಲೇ ಇರಲಿ.

ಹಿಂದಿನ ಬಾಗಿಲಿನ ಅಂಚಿನಲ್ಲಿ, ಬಾಗಿಲು ತೆರೆದಾಗ ಮಾತ್ರ ಕಾಣುವ ಪುಟ್ಟ ಕೀಲಿಯೊಂದು ಕೆಲವು ಕಾರುಗಳಲ್ಲಿರುತ್ತದೆ. ಅದಕ್ಕೆ ಚೈಲ್ಡ್ ಲಾಕ್ ಎನ್ನುತ್ತಾರೆ. ಮಕ್ಕಳು ಓಡುವ ಗಾಡಿಯ ಬಾಗಿಲು ತೆಗೆಯದಿರಲಿ ಎಂದು ಮಾಡಿದ್ದು. ಅದನ್ನು ಹಾಕಿಬಿಟ್ಟರೆ ಒಳಗಿನಿಂದ ಬಾಗಿಲು ತೆರೆಯುವುದಿಲ್ಲ. ಈ ಕಾರಣಕ್ಕೇ ಬಾಡಿಗೆ ಕಾರುಗಳಲ್ಲಿ ಅದು ಇರಕೂಡದೆಂದು 2019ರಲ್ಲಿ ನಿಯಮವಾಯಿತು. ಹಳೆಯ ಕಾರುಗಳಲ್ಲಿ ಉಳಿದಿದ್ದರೂ ಇರಬಹುದು. ಕೂತ ಕೂಡಲೇ ಒಮ್ಮೆ ಬಾಗಿಲನ್ನು ಒಳಗಿನಿಂದ ತೆಗೆದು ಮತ್ತೆ ಹಾಕಿಕೊಂಡರೆ ಅನುಮಾನ ತೀರಿತು. "ಸೆರಗು ಸಿಕ್ಕಿಹಾಕ್ಕೊಂಡಿತ್ತು" ಎಂದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

"ಆ ಡ್ರೈವರ್ ಬರಲ್ಲ, ನಾನೇ ಬಂದೆ"

ಈ ಮಾತು ಕೇಳಿದರೆ ನನಗೆ 2005ನೇ ಇಸವಿ ನೆನಪಾಗುತ್ತದೆ. ಆ ಡಿಸೆಂಬರಿನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಒಂದರಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳೊಬ್ಬಳನ್ನು ರಾತ್ರಿ ಪಾಳಿಗೆ ಕರೆದೊಯ್ಯಲು ಗಾಡಿ ಬಂತು. ಬರಬೇಕಾಗಿದ್ದ ಚಾಲಕನ ಬದಲು ತನ್ನನ್ನು ಕಳಿಸಿದ್ದಾರೆ ಎಂದು ಬಂದವನು ನಂಬಿಸಿದ. ನಂಬಿ ಹತ್ತಿದಳು. ಮರಳಿ ಬರಲಿಲ್ಲ. ಆ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಹೆಣ್ಣುಮಕ್ಕಳನ್ನು ಊರು ಬಿಟ್ಟು ಕಳಿಸಿದ್ದ ತಾಯಂದಿರಿಗೆಲ್ಲ ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ. 2010ರಲ್ಲಿ ಆತನಿಗೆ ಜೀವಾವಧಿ ಶಿಕ್ಷೆಯಾಯಿತು. ಆಕೆಯ ತಪ್ಪು ಎಳ್ಳಷ್ಟೂ ಇರಲಿಲ್ಲ. ಕಂಪನಿಯ ಗಾಡಿ ಎಂದು ನಂಬುವುದು ತಪ್ಪೇ?

ಆಗ ಪರೀಕ್ಷಿಸಲು ಕೈಯಲ್ಲಿ ಏನೂ ಇರಲಿಲ್ಲ. ಈಗ ಮೊಬೈಲಿನಲ್ಲಿ ಫೋಟೋ ಇದೆ, ನಂಬರಿದೆ. ಫೋಟೋದವನು ಬೇರೆ, ಬಂದವನು ಬೇರೆ ಆದರೆ ಹತ್ತಬೇಡಿ. "ತಮ್ಮನ ಐಡಿ ಮೇಡಂ", "ಗಾಡಿ ರಿಪೇರಿ, ಅದಕ್ಕೆ ಬೇರೆ ಗಾಡಿ ತಂದೆ" ಎನ್ನುವವರು ನಿಜ ಹೇಳುತ್ತಿದ್ದರೂ ಇರಬಹುದು. ಆದರೆ ದಾಖಲೆಯಲ್ಲಿರುವುದು ತಮ್ಮನ ಹೆಸರು, ಬೇರೆ ಗಾಡಿಯ ನಂಬರು. ಬುಕಿಂಗ್ ರದ್ದು ಮಾಡಿ ಇನ್ನೊಂದು ಕರೆಸಿ. ರದ್ದು ಮಾಡಿದರೆ ದಂಡ ಬೀಳುತ್ತದಲ್ಲ ಎನ್ನುವಿರಾ? ಬಿದ್ದರೆ ಒಂದು ಸೇರು ಬೀನ್ಸಿನ ದುಡ್ಡು ಹೋಗುತ್ತದೆ.

ಇದಕ್ಕಿಂತ ಹೆಚ್ಚಾಗಿ ನಡೆಯುವುದು ಇನ್ನೊಂದು. ನಂಬರು ಸರಿ, ಫೋಟೋ ಸರಿ, ಕೂತ ಮೇಲೆ ಚಾಲಕ ಮೆಲ್ಲಗೆ "ಕ್ಯಾನ್ಸಲ್ ಮಾಡಿ ಅಮ್ಮಾ, ಅಷ್ಟೇ ದುಡ್ಡು ನನಗೇ ಕೊಡಿ, ಕಂಪನಿಗೆ ಯಾಕೆ ಕಮಿಷನ್" ಎನ್ನುತ್ತಾರೆ. ಅವರ ಕಷ್ಟ ಸುಳ್ಳಲ್ಲ. ಪೆಟ್ರೋಲು, ಗಾಡಿ ಸಾಲದ ಕಂತು, ಮೇಲೆ ಕಮಿಷನ್ನು. ನಮ್ಮ ಮನಸ್ಸು ಕರಗುತ್ತದೆ, ಇಪ್ಪತ್ತು ರೂಪಾಯಿ ಉಳಿಯುವ ಆಸೆಯೂ ಇಣುಕುತ್ತದೆ. ಆದರೆ ಕ್ಯಾನ್ಸಲ್ ಒತ್ತಿದ ಗಳಿಗೆಯಿಂದ ನೀವು ಆ ಗಾಡಿಯಲ್ಲಿ ಇದ್ದಿರಿ ಎಂಬುದಕ್ಕೇ ಗುರುತಿಲ್ಲ. ತುರ್ತು ಗುಂಡಿಯೂ ಇಲ್ಲ, ದಾರಿಯ ಲೆಕ್ಕವೂ ಇಲ್ಲ. "ಮಗ ಬುಕ್ ಮಾಡಿರೋದು ಕಣಪ್ಪಾ, ನನಗೆ ಅದೆಲ್ಲ ಬರಲ್ಲ" ಎನ್ನಿ. ಈ ಒಂದು ವಿಷಯಕ್ಕೆ ದಡ್ಡರಾಗಿರುವುದು ಲಾಭ!

ಕೂತ ಮೇಲೆ

ಒಬ್ಬರೇ ಇರುವಾಗ ಹಿಂದಿನ ಸೀಟು, ಅದರಲ್ಲೂ ಎಡಗಡೆ. ಚಾಲಕರ ಮುಖ, ಕೈ ಕಾಣುತ್ತದೆ, ಇಳಿಯುವಾಗ ಫುಟ್‌ಪಾತಿನ ಕಡೆಗೇ ಇಳಿಯಬಹುದು. ಸೀಟ್ ಬೆಲ್ಟ್ ಹಿಂದೆ ಕೂತವರಿಗೂ ಕಡ್ಡಾಯ. ಸೀರೆ ಮುದುಡುತ್ತದೆ ಎಂದು ಬಿಡಬೇಡಿ. ಕೆಟ್ಟ ಮನುಷ್ಯನಿಗಿಂತ ನಿದ್ದೆಗಣ್ಣಿನ ಚಾಲಕ ನಮಗೆ ಎದುರಾಗುವ ಸಂಭವ ಹೆಚ್ಚು. ಚಾಲಕರು ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಯಬಾರದೆಂದು ಕೇಂದ್ರ ಸರ್ಕಾರದ 2020ರ ಮಾರ್ಗಸೂಚಿ ಹೇಳಿತ್ತು. ಆದರೆ ಬೆಳಗಿನ ಜಾವ ಆಕಳಿಸುತ್ತಾ ಗಾಡಿ ಓಡಿಸುವವರನ್ನು ನಾನೇ ನೋಡಿದ್ದೇನೆ. ಅಂಥ ಹೊತ್ತಿನಲ್ಲಿ "ಒಂದು ಟೀ ಕುಡಿದುಕೊಂಡು ಹೋಗೋಣ ತಗೋಪ್ಪಾ" ಎಂದರೆ ಇಬ್ಬರಿಗೂ ಕ್ಷೇಮ. ಟೀ ಅಂಗಡಿ ನಾಲ್ಕು ಜನ ಇರುವ ಕಡೆ ಇರಲಿ, ನೀವು ಗಾಡಿ ಬಳಿಯೇ ಇರಿ.

ಗಾಡಿ ಹೊರಟ ಕೂಡಲೇ ಪರದೆಯ ಮೇಲಿರುವ 'ಷೇರ್' ಒತ್ತಿ ಮನೆಯವರಿಗೆ ಕಳಿಸಿ. ಗಾಡಿ ಎಲ್ಲಿ ಹೋಗುತ್ತಿದೆ ಎಂದು ಅವರು ಕೂತಲ್ಲೇ ನೋಡಬಹುದು. ಅದು ಬಾರದಿದ್ದರೆ ವಾಟ್ಸಾಪಿನಲ್ಲಿ ಲೈವ್ ಲೊಕೇಷನ್ ಒಂದು ಗಂಟೆಗೆ ಇಟ್ಟುಕೊಳ್ಳಿ. ಅದೂ ಬಾರದವರು ಫೋನಿನಲ್ಲಿ ಗಾಡಿ ನಂಬರನ್ನು ಚಾಲಕರಿಗೂ ಕೇಳುವಂತೆ ಗಟ್ಟಿಯಾಗಿ ಓದಿ ಹೇಳಿ. ಹಳೆಯ ವಿಧಾನ, ಆದರೆ ಬಲವಾದದ್ದು. ಒಳ್ಳೆಯ ಚಾಲಕರಿಗೆ ಇದರಿಂದ ಬೇಸರವಾಗದು.

ಮಾತು ಬೇಡವೆಂದಲ್ಲ, ನಾವು ಹೆಂಗಸರು ಸುಮ್ಮನೆ ಕೂರುವುದೂ ಉಂಟೇ? ಮಳೆ, ಟ್ರಾಫಿಕ್ಕು, ತರಕಾರಿ ರೇಟು ಎಷ್ಟಾದರೂ ಮಾತಾಡಿ. "ಯಜಮಾನರು ಊರಲ್ಲಿಲ್ಲ", "ಮಗಳು ಒಬ್ಬಳೇ ಇರೋದು", "ನಾಳೆ ಮದುವೆ, ಒಡವೆ ಎಲ್ಲಾ ಈ ಬ್ಯಾಗಲ್ಲೇ ಇದೆ" ಎಂಬಂಥವು ಬೇಡ. ಕತ್ತಿನ ಸರವನ್ನು ಸೆರಗಿನೊಳಗೆ ಹಾಕಿಕೊಳ್ಳಿ.

ದಾರಿ ತಪ್ಪಿದ ಹಾಗೆ ಕಂಡರೆ ಮನಸ್ಸಿನಲ್ಲೇ ಕೊರಗಬೇಡಿ, ಕೇಳಿ. "ಮ್ಯಾಪು ಬೇರೆ ಕಡೆ ತೋರಿಸ್ತಾ ಇದೆಯಲ್ಲಪ್ಪಾ?" ಬಹಳ ಸಲ ಮೆಟ್ರೋ ಕಾಮಗಾರಿ, ಒನ್ ವೇ ಎಂಬ ಕಾರಣವಿರುತ್ತದೆ. ಉತ್ತರ ಸಮಾಧಾನ ತರದಿದ್ದರೆ ಬೆಳಕಿರುವ ಕಡೆ, ಪೆಟ್ರೋಲ್ ಬಂಕೋ ಹಾಲಿನ ಬೂತೋ ಆಸ್ಪತ್ರೆಯೋ ಇರುವ ಕಡೆ "ಇಲ್ಲೇ ನಿಲ್ಲಿಸಿ" ಎನ್ನಿ. ಕಾರಣ ಹೇಳಬೇಕಾಗಿಲ್ಲ. ಹೇಳಲೇಬೇಕು ಅನ್ನಿಸಿದರೆ "ವಾಂತಿ ಬರೋ ಹಾಗಿದೆ" ಅನ್ನಿ, ಎಂಥ ಚಾಲಕನೂ ನಿಲ್ಲಿಸುತ್ತಾನೆ. ಈ ಉಪಾಯ ನಮ್ಮ ನಾದಿನಿಯದು. "ನಿಲ್ಲಿಸಿ" ಎಂಬ ಮಾತನ್ನು ಮನೆಯಲ್ಲಿ ಕನ್ನಡಿ ಮುಂದೆ ನಿಂತು ನಾಲ್ಕು ಸಲ ಗಟ್ಟಿಯಾಗಿ ಹೇಳಿ ನೋಡಿ. ಸುಲಭ ಅಂದುಕೊಳ್ಳಬೇಡಿ. ಮದುವೆಯಾಗಿ ಮೂವತ್ತು ವರ್ಷ "ಆಗಲಿ, ಪರವಾಗಿಲ್ಲ" ಎಂದು ಪಳಗಿದ ಬಾಯಿ ನಮ್ಮದು.

ಕೈ ಮೀರಿದರೆ

ನೆನಪಿಡಬೇಕಾದದ್ದು ಒಂದೇ ಸಂಖ್ಯೆ, 112. ಪೊಲೀಸು, ಆಂಬುಲೆನ್ಸು, ಅಗ್ನಿಶಾಮಕ ಎಲ್ಲಕ್ಕೂ ದೇಶದಲ್ಲೆಲ್ಲ ಇದೇ. ಟ್ಯಾಕ್ಸಿಯ ಆ್ಯಪಿನಲ್ಲೂ ಒಂದು ತುರ್ತು ಗುಂಡಿ ಇರುತ್ತದೆ. 2014ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಹೀಗೆ ಕರೆಸಿದ ಟ್ಯಾಕ್ಸಿಯಲ್ಲಿ ಒಬ್ಬಳೇ ಹೋಗುತ್ತಿದ್ದ ತರುಣಿಯ ಮೇಲೆ ಚಾಲಕ ಅತ್ಯಾಚಾರ ಮಾಡಿದ ಮೇಲೆ ದೇಶವೇ ಕೆರಳಿತು. ಅವನ ಮೇಲೆ ಮೊದಲೇ ದೂರುಗಳಿದ್ದವು, ಸರಿಯಾಗಿ ವಿಚಾರಿಸಿದವರಿರಲಿಲ್ಲ. 2015ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ತುರ್ತು ಗುಂಡಿ, ಚಾಲಕರ ಪೊಲೀಸ್ ಪರಿಶೀಲನೆ ಇವೆಲ್ಲ ಬಿಗಿಯಾದದ್ದು ಅದರ ನಂತರವೇ. 2019ರ ಜನವರಿಯಿಂದ ನೋಂದಣಿಯಾದ ಹೊಸ ಟ್ಯಾಕ್ಸಿಗಳ ಒಳಗೇ ಒಂದು ಕೆಂಪು ಗುಂಡಿ ಇರಬೇಕೆಂಬ ನಿಯಮವೂ ಇದೆ. ಕೂತಾಗ ಒಮ್ಮೆ ಕಣ್ಣಾಡಿಸಿ.

ಹಲವು ಹೊಸ ಮೊಬೈಲುಗಳಲ್ಲಿ ಪಕ್ಕದ ಗುಂಡಿಯನ್ನು ಪಟಪಟನೆ ಐದು ಸಲ ಒತ್ತಿದರೆ ತುರ್ತು ಕರೆ ಹೋಗುವಂತೆ ಮಾಡಿಕೊಳ್ಳಬಹುದು. ನಿಮ್ಮ ಫೋನಿನಲ್ಲಿ ಹೇಗಿದೆ ಎಂದು ಮಕ್ಕಳನ್ನು ಕೇಳಿ, ಅವರ ಕೈಯಲ್ಲೇ ಸರಿಮಾಡಿಸಿಕೊಳ್ಳಿ. ಮೊಬೈಲಿನ ಚಾರ್ಜು ಮುಗಿದರೆ ಎಲ್ಲವೂ ಮುಗಿಯಿತು. ಆದ್ದರಿಂದ ಬಸ್ಸಿನಲ್ಲಿ ಧಾರಾವಾಹಿ ನೋಡುವ ಚಪಲ ತಡೆದುಕೊಳ್ಳಿ. ಒಂದು ಚೀಟಿಯಲ್ಲಿ ಮಗಳು, ಅಳಿಯ, ಅವರ ಪಕ್ಕದ ಮನೆಯವರು ಹೀಗೆ ಮೂರು ನಂಬರು ಬರೆದು ಪರ್ಸಿನಲ್ಲಿಡಿ. ಈಗ ಯಾರ ನಂಬರೂ ಯಾರಿಗೂ ಬಾಯಿಗೆ ಬರುವುದಿಲ್ಲವಲ್ಲ.

ಅಹಿತವಾದದ್ದು ಏನಾದರೂ ನಡೆದರೆ "ಇದು ನಮ್ಮ ಠಾಣೆಗೆ ಬರಲ್ಲ" ಎನ್ನುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಂತೆ ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಊರಿಗೆ ಬಂದು ನಿಮ್ಮೂರಿನ ಠಾಣೆಯಲ್ಲೇ ಕೊಡಬಹುದು. ಮತ್ತೊಂದು ಮಾತು. ಬಾಡಿಗೆ ಹೆಚ್ಚು ತೆಗೆದರು, ಸಾಮಾನು ಗಾಡಿಯಲ್ಲೇ ಉಳಿಯಿತು ಎಂದು ಗೂಗಲಿನಲ್ಲಿ ಕಂಪನಿಯ ಫೋನ್ ನಂಬರ್ ಹುಡುಕಬೇಡಿ. ಅಲ್ಲಿ ಕಳ್ಳರು ತಮ್ಮ ನಂಬರು ಹಾಕಿ ಕಾಯುತ್ತಿರುತ್ತಾರೆ, ದುಡ್ಡು ವಾಪಸ್ಸು ಕೊಡುತ್ತೇವೆಂದು ಬ್ಯಾಂಕಿನ ಖಾತೆಯನ್ನೇ ಬರಿದು ಮಾಡುತ್ತಾರೆ. ಆ್ಯಪಿನ ಒಳಗಿನ 'ಹೆಲ್ಪ್' ಎಂಬಲ್ಲೇ ದೂರು ಕೊಡಿ. ಹಾಗೇನಾದರೂ ಹಣ ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ಬರೆದದ್ದು ನೋಡಿ ಚಾಲಕರೆಲ್ಲ ಕೆಟ್ಟವರೆಂದು ತಿಳಿಯಬೇಡಿ. ಆವತ್ತು ಹಾಲಿನ ಬೂತಿನ ಬಳಿಗೆ ಹುಡುಕಿಕೊಂಡು ಬಂದವರೂ ಚಾಲಕರೇ. ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ, ಅಳಿಯಂದಿರು ಕೆಳಗಿಳಿದು ಬರುವವರೆಗೂ ಗಾಡಿ ತೆಗೆಯದೆ ನಿಂತಿದ್ದರು. ಕಾದಿದ್ದಕ್ಕೆ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಆಮೇಲೆ ಮಗಳು ಒಂದು ಮಾತು ಹೇಳಿ ನನ್ನ ಮಾನ ಕಳೆದಳು. "ಅಮ್ಮಾ, ಇನ್ನೊಂದು ಸ್ವಲ್ಪ ಹೊತ್ತು ಬಸ್ ಸ್ಟ್ಯಾಂಡಲ್ಲೇ ಕೂತಿದ್ದರೆ ಮೆಜೆಸ್ಟಿಕ್‌ನಿಂದ ವಿಜಯನಗರಕ್ಕೆ ನೇರ ಮೆಟ್ರೋ ಇತ್ತಲ್ಲ!" ಅದು ನಿಜ. ಬೆಳಕು ಹರಿಯುವವರೆಗೆ ಜನರ ನಡುವೆ ಕೂತು ಕಾಯುವುದೂ ಒಂದು ದಾರಿಯೇ. ಆದರೆ ಮಗಳು ಒಳಗೆ ನೋವು ತಿನ್ನುತ್ತಿರುವಾಗ ಯಾವ ತಾಯಿ ಕಾಯುತ್ತಾಳೆ, ಹೇಳಿ?

ಹೋದ ತಿಂಗಳು ಮೊಮ್ಮಗಳ ಹುಟ್ಟುಹಬ್ಬಕ್ಕೆ ಮತ್ತೆ ಒಬ್ಬಳೇ ಹೋಗಿದ್ದೆ. ಕನ್ನಡಕ ಏರಿಸಿ, ಗಾಡಿಯ ಮುಂದೆ ನಿಂತು ನಂಬರಿನ ಒಂದೊಂದು ಅಂಕಿಯನ್ನೂ ಬೆರಳಿಟ್ಟು ಓದಿದೆ. ಫಲಕದ ಫೋಟೋ ತೆಗೆದೆ. "ಯಾರ ಹೆಸರಿಗೆ ಬುಕ್ ಆಗಿದೆಯಪ್ಪಾ?" ಎಂದೆ. ಚಾಲಕ ಹುಡುಗ ಅಳಿಯಂದಿರ ಹೆಸರು ಹೇಳಿ, ನಕ್ಕು, "ಫೋಟೋ ಚೆನ್ನಾಗಿ ಬಂತಾ ಆಂಟಿ? ಹೊರಡೋಣ್ವಾ?" ಅಂದ.

"ತಡಿ, ಮಗಳಿಗೆ ಕಳಿಸ್ತೀನಿ" ಎಂದು ಕಳಿಸಿ, ಆಮೇಲೆಯೇ ಬ್ಯಾಗು ಕೊಟ್ಟೆ.